ಸ್ಟೇನ್‌ಲೆಸ್ ಸ್ಟೀಲ್ ಪಾತ್ರೆಗಳ ಪಾಲನೆ, ಇಂದಿರಾಪುರಂ

ಸ್ಟೇನ್‌ಲೆಸ್ ಸ್ಟೀಲಿನ ಅಡುಗೆ ಪಾತ್ರೆಗಳನ್ನು ತಿಕ್ಕಿ ತೊಳೆಯುವ, ಕಲೆ ತೆಗೆಯುವ, ಒಣಗಿಸುವ ಮತ್ತು ಬಹುಕಾಲ ಬಾಳುವಂತೆ ನೋಡಿಕೊಳ್ಳುವ ಕ್ರಮ. ಭಾರತದ ಎಲ್ಲ ಊರುಗಳ ಅಡುಗೆಮನೆಯಲ್ಲೂ ಇದು ದಿನನಿತ್ಯದ ಕೆಲಸವಾದರೂ ಉತ್ತರ ಪ್ರದೇಶದ ಗಾಜಿಯಾಬಾದ್ ಜಿಲ್ಲೆಯ ಇಂದಿರಾಪುರಂನಲ್ಲಿ ಅದಕ್ಕೆ ತನ್ನದೇ ಕಷ್ಟಗಳಿವೆ. ಅವುಗಳಲ್ಲಿ ಹೆಚ್ಚಿನವು ನಲ್ಲಿಯಲ್ಲಿ ಬರುವ ನೀರಿನವು.

ಇಂದಿರಾಪುರಂ ಹಿಂಡನ್ ನದಿಯ ಪಶ್ಚಿಮಕ್ಕೆ, ದೆಹಲಿಯ ಗಡಿಗೂ ನೋಯ್ಡಾಕ್ಕೂ ಹತ್ತಿರವಾಗಿರುವ ಬಡಾವಣೆ. ಗಾಜಿಯಾಬಾದ್ ಅಭಿವೃದ್ಧಿ ಪ್ರಾಧಿಕಾರ ರೂಪಿಸಿದ ಈ ಊರು ಶಕ್ತಿ ಖಂಡ, ನೀತಿ ಖಂಡ, ಜ್ಞಾನ ಖಂಡ, ನ್ಯಾಯ ಖಂಡ, ಅಭಯ ಖಂಡ, ವೈಭವ ಖಂಡ, ಅಹಿಂಸಾ ಖಂಡ ಎಂದು ಹಂಚಿಹೋಗಿದೆ. 2000ದ ಈಚೆಗೆ ಇಲ್ಲಿ ಬಹುಮಹಡಿ ಸೊಸೈಟಿಗಳು ಭರದಿಂದ ಎದ್ದವು. ಕೆಲಸಕ್ಕೆಂದು ದೆಹಲಿ, ನೋಯ್ಡಾಗಳಿಗೆ ಬಂದ ಕನ್ನಡದ ಕುಟುಂಬಗಳೂ ಇಂಥ ಫ್ಲಾಟುಗಳಲ್ಲಿ ನೆಲೆಸಿವೆ. ಊರಿನಿಂದ ಕಟ್ಟಿಕೊಂಡು ಬಂದ ಇಡ್ಲಿ ಪಾತ್ರೆ, ಕಾಫಿ ಫಿಲ್ಟರ್, ಮದುವೆಯಲ್ಲಿ ಬಂದ ಹೆಸರು ಕೆತ್ತಿಸಿದ ಡಬರಿ ಮತ್ತು ಚೊಂಬುಗಳನ್ನು ಅವರು ಬೇರೆಯೇ ನೀರಿನಲ್ಲಿ ಬೆಳಗಬೇಕಾಗಿದೆ.

ಲೋಹ

ಉಕ್ಕಿನಲ್ಲಿ ತೂಕದ ಲೆಕ್ಕದಲ್ಲಿ ಕನಿಷ್ಠ ಶೇ. 10.5ರಷ್ಟು ಕ್ರೋಮಿಯಂ ಇದ್ದರೆ ಅದನ್ನು ಸ್ಟೇನ್‌ಲೆಸ್ ಸ್ಟೀಲ್ ಎನ್ನುತ್ತಾರೆ. ಮೇಲ್ಮೈಯ ಕ್ರೋಮಿಯಂ ಗಾಳಿಯಲ್ಲಿನ ಆಮ್ಲಜನಕದೊಂದಿಗೆ ಕೂಡಿ ಕ್ರೋಮಿಯಂ ಆಕ್ಸೈಡಿನ ಪೊರೆಯನ್ನು ಕಟ್ಟಿಕೊಳ್ಳುತ್ತದೆ. ಕೆಲವೇ ನ್ಯಾನೋಮೀಟರ್ ದಪ್ಪದ ಈ ಪೊರೆ ಕಣ್ಣಿಗೆ ಕಾಣದು, ಆದರೆ ತುಕ್ಕನ್ನು ತಡೆಯುವುದು ಇದೇ. ಹಾಲಿನ ಕೆನೆ ಸರಿಸಿದ ಮೇಲೆ ಮತ್ತೆ ಕಟ್ಟುವಂತೆ, ಗೀರು ಬಿದ್ದ ಕಡೆ ಪೊರೆಯೂ ತಾನಾಗಿ ಮತ್ತೆ ಮೂಡುತ್ತದೆ. ಅದಕ್ಕೆ ಗಾಳಿ ತಗಲಬೇಕು, ಮೇಲ್ಮೈ ಚೊಕ್ಕವಾಗಿರಬೇಕು. ಜಿಡ್ಡೋ ಸುಣ್ಣದ ಪದರವೋ ಮುಚ್ಚಿಕೊಂಡ ಜಾಗಕ್ಕೆ ಗಾಳಿ ತಲುಪುವುದಿಲ್ಲ. ಅಂಥಲ್ಲಿ ಉಪ್ಪಿನ ಅಂಶವಾದ ಕ್ಲೋರೈಡ್ ಸೇರಿಕೊಂಡರೆ ಪೊರೆ ಒಂದು ಬಿಂದುವಿನಲ್ಲಿ ಹರಿದು, ಲೋಹದಲ್ಲಿ ಸೂಜಿಮೊನೆಯಷ್ಟು ಗುಳಿ ಬೀಳುತ್ತದೆ. ಸ್ಟೀಲ್ ಪಾತ್ರೆಯ ಪಾಲನೆಯ ಎಲ್ಲ ನಿಯಮಗಳೂ ಈ ಒಂದು ಪೊರೆಯನ್ನು ಕಾಯುವುದರಿಂದಲೇ ಹುಟ್ಟಿವೆ. ಎಷ್ಟು ಜೋರಾಗಿ ತಿಕ್ಕಿದೆವು ಎಂಬುದಕ್ಕಿಂತ ಕೊನೆಯಲ್ಲಿ ಯಾವ ನೀರಿನಿಂದ ತೊಳೆದೆವು, ಒರೆಸಿ ಇಟ್ಟೆವೋ ಇಲ್ಲವೋ ಎಂಬುದು ಪಾತ್ರೆಯ ಆಯುಸ್ಸನ್ನು ಹೆಚ್ಚು ನಿರ್ಧರಿಸುತ್ತದೆ.

ಈ ಲೋಹಕ್ಕೆ ನೂರು ವರ್ಷಗಳಿಗಿಂತ ಸ್ವಲ್ಪ ಹೆಚ್ಚಿನ ವಯಸ್ಸು. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಹ್ಯಾರಿ ಬ್ರಿಯರ್ಲಿ 1913ರಲ್ಲಿ ಬಂದೂಕಿನ ನಳಿಗೆ ಬೇಗ ಸವೆಯದಂಥ ಉಕ್ಕನ್ನು ಹುಡುಕುತ್ತಿದ್ದಾಗ ಕ್ರೋಮಿಯಂ ಬೆರೆಸಿದ ಉಕ್ಕು ಆಮ್ಲಕ್ಕೆ ಜಗ್ಗುವುದಿಲ್ಲವೆಂದು ಕಂಡ. ಚಾಕು, ಚಮಚಗಳಿಗೆ ಅದು ಒದಗೀತು ಎಂದು ಹೊಳೆದದ್ದೂ ಆತನಿಗೇ. ಅದಕ್ಕೆ ಒಂದು ವರ್ಷ ಮುಂಚೆ, 1912ರಲ್ಲಿ, ಜರ್ಮನಿಯ ಕ್ರುಪ್ ಸಂಸ್ಥೆಯ ಎಡ್ವರ್ಡ್ ಮೌರರ್ ಮತ್ತು ಬೆನ್ನೊ ಸ್ಟ್ರಾಸ್ ಕ್ರೋಮಿಯಂ ಜೊತೆಗೆ ನಿಕ್ಕಲ್ ಕೂಡ ಸೇರಿದ ಉಕ್ಕನ್ನು ತಯಾರಿಸಿದ್ದರು. ಇಂದಿನ ಒಳ್ಳೆಯ ಪಾತ್ರೆಗಳು ಆ ಎರಡನೆಯ ವಂಶದವು.

ಅಂಗಡಿಯಲ್ಲಿ ಸಿಗುವ ಸ್ಟೀಲು ಮುಖ್ಯವಾಗಿ ಮೂರು ಬಗೆ. ಶೇ. 18ರಷ್ಟು ಕ್ರೋಮಿಯಂ, ಶೇ. 8ರಷ್ಟು ನಿಕ್ಕಲ್ ಇರುವ 304 ದರ್ಜೆ ತುಕ್ಕನ್ನು ಚೆನ್ನಾಗಿ ತಡೆಯುತ್ತದೆ. 430 ದರ್ಜೆಯಲ್ಲಿ ನಿಕ್ಕಲ್ ಇಲ್ಲವೆಂದೇ ಹೇಳಬೇಕು. ಅದು ಅಯಸ್ಕಾಂತಕ್ಕೆ ಅಂಟುತ್ತದೆ, ಇಂಡಕ್ಷನ್ ಒಲೆಗೆ ಹೊಂದುತ್ತದೆ. ಮೂರನೆಯದು 200ರ ಶ್ರೇಣಿ. ದುಬಾರಿಯಾದ ನಿಕ್ಕಲ್‌ನ ಬಹುಭಾಗವನ್ನು ಕಡಿತಗೊಳಿಸಿ ಅದರ ಜಾಗದಲ್ಲಿ ಮ್ಯಾಂಗನೀಸ್ ಹಾಕಿರುತ್ತಾರೆ. ಭಾರತದ ಅಗ್ಗದ ತಟ್ಟೆ, ಲೋಟ, ಡಬ್ಬಿಗಳಲ್ಲಿ ಇದರ ಬಳಕೆ ಬಹಳ. ಅಯಸ್ಕಾಂತ ಅಂಟದಿದ್ದರೆ ಒಳ್ಳೆಯ ಸ್ಟೀಲು ಎಂಬ ನಂಬಿಕೆ ಮನೆಮನೆಯಲ್ಲೂ ಇದೆ, ಅದನ್ನು ನೆಚ್ಚಿಕೊಳ್ಳಬಾರದು. 304ಕ್ಕೂ ಅಂಟದು, 200ಕ್ಕೂ ಅಂಟದು. ಮೇಲಾಗಿ 304ರ ತಗಡನ್ನು ಒತ್ತಿ ಬಗ್ಗಿಸಿದ ಅಂಚುಗಳಲ್ಲಿ ಅಯಸ್ಕಾಂತ ತುಸು ಹಿಡಿಯುವುದೂ ಉಂಟು. ಇಂದಿರಾಪುರಂನ ನೀರಿನಲ್ಲಿ ಈ ಎರಡರ ವ್ಯತ್ಯಾಸ ಬೇಗ ಬಯಲಾಗುತ್ತದೆ: 200ರ ಶ್ರೇಣಿಯ ಡಬ್ಬಿಗಳ ಬಾಯಂಚಿನಲ್ಲಿ ಕಂದು ಚುಕ್ಕೆಗಳು ಮೊದಲು ಕಾಣಿಸಿಕೊಳ್ಳುತ್ತವೆ.

ಪಾತ್ರೆ ಬರುವ ದಾರಿ

ಇಂದಿರಾಪುರಂನ ಅಂಗಡಿಗಳಿಗೆ ಬರುವ ಸಾದಾ ಸ್ಟೀಲ್ ಪಾತ್ರೆಗಳ ತವರೆಂದರೆ ವಾಯವ್ಯ ದೆಹಲಿಯ ವಜೀರ್‌ಪುರ ಕೈಗಾರಿಕಾ ಪ್ರದೇಶ. ಅಲ್ಲಿ ಸ್ಟೀಲನ್ನು ಕಾಸಿ ತಗಡಾಗಿ ಎಳೆಯುತ್ತಾರೆ, ಆಮ್ಲದ ತೊಟ್ಟಿಯಲ್ಲಿ ಅದ್ದಿ ಮೇಲಿನ ಕರಿ ತೆಗೆಯುತ್ತಾರೆ, ದುಂಡಗೆ ಕತ್ತರಿಸಿ ಅಚ್ಚಿನಲ್ಲಿ ಒತ್ತುತ್ತಾರೆ, ಕೊನೆಗೆ ತಿರುಗುವ ಬಟ್ಟೆಯ ಚಕ್ರಕ್ಕೆ ಹಿಡಿದು ಪಾಲಿಷ್ ಕೊಡುತ್ತಾರೆ. ಕಾದ ತಗಡಿನ ಮುಂದೆ ನಿಂತು ದುಡಿಯುವವರು 2014ರ ಜೂನ್‌ನಲ್ಲಿ ಕೂಲಿ ಮತ್ತು ಕೆಲಸದ ಅವಧಿಗಾಗಿ ಮುಷ್ಕರ ಹೂಡಿದ್ದರು. ಸಗಟು ವ್ಯಾಪಾರ ನಡೆಯುವುದು ಸದರ್ ಬಜಾರಿನ ಡೆಪ್ಯುಟಿ ಗಂಜ್‌ನಲ್ಲಿ. ದಕ್ಷಿಣದಲ್ಲಿ ಮನೆಮಾತಾದ ಸೇಲಂ ಸ್ಟೀಲು ತಮಿಳುನಾಡಿನ ಸೇಲಂನಲ್ಲಿ 1981ರಲ್ಲಿ ಉತ್ಪಾದನೆ ಆರಂಭಿಸಿದ ಸರ್ಕಾರಿ ಕಾರ್ಖಾನೆಯದು.

ಸ್ಟೀಲು ಬರುವ ಮುನ್ನ ಕನ್ನಡ ನಾಡಿನ ಅಡುಗೆಮನೆಗಳಲ್ಲಿ ತಾಮ್ರ, ಹಿತ್ತಾಳೆ, ಕಂಚು, ಮಣ್ಣು ಮತ್ತು ಕಲ್ಲಿನ ಪಾತ್ರೆಗಳಿದ್ದವು. ಹಿತ್ತಾಳೆ ಪಾತ್ರೆಯೊಳಗೆ ಹುಳಿ ಬೇಯಿಸಬೇಕಾದರೆ ಕಲಾಯಿ ಇರಲೇಬೇಕು. ಇಲ್ಲದಿದ್ದರೆ ಕಿಲುಬು ಏಳುತ್ತದೆ. ಕಲಾಯಿ ಹಾಕುವವನು ಬೀದಿಯಲ್ಲಿ ತಿದಿ ಊದುತ್ತಾ ಕೂತರೆ ಓಣಿಯ ಪಾತ್ರೆಗಳೆಲ್ಲ ಅವನ ಮುಂದೆ ಸಾಲುಗಟ್ಟುತ್ತಿದ್ದವು. ಸ್ಟೀಲಿಗೆ ಕಲಾಯಿ ಬೇಡ, ಹುಣಸೆಹಣ್ಣು ಹಚ್ಚಿ ತಾಸುಗಟ್ಟಲೆ ಬೆಳಗುವುದೂ ಬೇಡ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅದು ಮನೆಗಳನ್ನು ಗೆದ್ದದ್ದು ಹೆಣ್ಣುಮಕ್ಕಳ ಈ ದುಡಿಮೆ ಕಡಿಮೆ ಮಾಡಿದ್ದರಿಂದ. ಹಳೆಯ ಬಟ್ಟೆ ಕೊಟ್ಟು ಹೊಸ ಸ್ಟೀಲ್ ಪಾತ್ರೆ ಪಡೆಯುವ ವ್ಯವಹಾರ ಕರ್ನಾಟಕದಲ್ಲಿದ್ದಂತೆ ದೆಹಲಿಯಲ್ಲೂ ಇದೆ. ಅಲ್ಲಿ ಅದನ್ನು ನಡೆಸುವವರಲ್ಲಿ ಗುಜರಾತ್ ಮೂಲದ ವಾಘ್ರಿ ಸಮುದಾಯದ ಹೆಂಗಸರು ಮುಖ್ಯರು. ಅವರು ತಂದ ಬಟ್ಟೆ ಪಶ್ಚಿಮ ದೆಹಲಿಯ ರಘುಬೀರ್ ನಗರದ ಮಂಡಿಗೆ ಸೇರುತ್ತದೆ.

ನೀರು

ಇಂದಿರಾಪುರಂಗೆ ಎರಡು ಬಗೆಯ ನೀರು ಬರುತ್ತದೆ. ಒಂದು ಗಂಗಾಜಲ. ಪ್ರಾಬಿ ಕಾಟ್ಲಿಯ ಮೇಲ್ವಿಚಾರಣೆಯಲ್ಲಿ ಕಟ್ಟಿ 1854ರಲ್ಲಿ ತೆರೆದ ಗಂಗಾ ಕಾಲುವೆ ಹರಿದ್ವಾರದಿಂದ ಹೊರಟು ಗಾಜಿಯಾಬಾದ್ ಜಿಲ್ಲೆಯ ಮೂಲಕ ಸಾಗುತ್ತದೆ. ಅದರ ನೀರನ್ನು ಪ್ರತಾಪ್ ವಿಹಾರದ ಘಟಕದಲ್ಲಿ ಶುದ್ಧಗೊಳಿಸಿ ಈ ಕಡೆಗೆ ಹರಿಸುತ್ತಾರೆ. ಇದು ಹೋಲಿಕೆಯಲ್ಲಿ ಮೃದುವಾದ ನೀರು. ಇನ್ನೊಂದು ನೆಲದೊಳಗಿನದು. ಸೊಸೈಟಿಗಳ ಬೋರ್‌ವೆಲ್‌ಗಳಿಂದ ಮೇಲೇರುವ ಈ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಹೆಚ್ಚು. ಬಹುತೇಕ ಕಟ್ಟಡಗಳಲ್ಲಿ ಎರಡೂ ಒಂದೇ ತೊಟ್ಟಿಗೆ ಬಿದ್ದು ಬೆರೆಯುವುದರಿಂದ ಇವತ್ತು ನಲ್ಲಿಯಲ್ಲಿ ಬಂದದ್ದು ಯಾವುದೆಂದು ಅಡುಗೆಮನೆಯಲ್ಲಿ ನಿಂತವರಿಗೆ ತಿಳಿಯುವುದು ಲೋಟ ಒಣಗಿದ ಮೇಲೆಯೇ.

ಭಾರತೀಯ ಮಾನಕ ಸಂಸ್ಥೆಯ ಕುಡಿಯುವ ನೀರಿನ ಮಾನಕದ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ದಾರಿಯಿಲ್ಲದಿದ್ದರೆ 600ರವರೆಗೆ ಒಪ್ಪಬಹುದು. ಕ್ಲೋರೈಡಿಗೆ ಈ ಅಂಕಿಗಳು 250 ಮತ್ತು 1000. ಕುಡಿಯಲು ಒಪ್ಪಿತವಾದ ನೀರೆಲ್ಲ ಪಾತ್ರೆಗೂ ಒಗ್ಗುತ್ತದೆ ಎನ್ನುವಂತಿಲ್ಲ. ಲೀಟರಿಗೆ 400 ಮಿಲಿಗ್ರಾಂ ಗಡಸುತನದ ನೀರಿನಲ್ಲಿ ತೊಳೆದು ಹಾಗೇ ಬೋರಲು ಹಾಕಿದ ಲೋಟದ ಮೇಲೆ ಪ್ರತಿ ಹನಿಯೂ ಒಣಗಿ ಒಂದೊಂದು ಬಿಳಿ ಉಂಗುರವಾಗುತ್ತದೆ. ದಿನಗಳೆದಂತೆ ಉಂಗುರದ ಮೇಲೆ ಉಂಗುರ ಕೂತು ಹೊಳಪು ಮಂಕಾಗುತ್ತದೆ. ಎಷ್ಟು ಸೋಪು ಹಾಕಿ ತಿಕ್ಕಿದರೂ ಅದು ಹೋಗದು, ಏಕೆಂದರೆ ಅದು ಜಿಡ್ಡಲ್ಲ, ಕ್ಯಾಲ್ಸಿಯಂ ಕಾರ್ಬೊನೇಟ್. ಅದು ಕರಗುವುದು ಹುಳಿಗೆ ಮಾತ್ರ.

ವರ್ಷದಲ್ಲಿ ಒಂದು ಅವಧಿಯಂತೂ ಬಹಳ ಕಷ್ಟದ್ದು. ಹೂಳು ತೆಗೆಯಲೆಂದು ಗಂಗಾ ಕಾಲುವೆಯನ್ನು ಪ್ರತಿವರ್ಷ ಸುಮಾರಾಗಿ ದಸರೆಯಿಂದ ದೀಪಾವಳಿಯವರೆಗೆ ಮುಚ್ಚುತ್ತಾರೆ. ಆಗ ಇಂದಿರಾಪುರಂ, ವಸುಂಧರಾ, ವೈಶಾಲಿ, ನೋಯ್ಡಾಗಳಿಗೆ ಗಂಗಾಜಲದ ಸರಬರಾಜು ನಿಂತು ಬೋರ್‌ವೆಲ್ ನೀರೇ ಗತಿಯಾಗುತ್ತದೆ. ಹಬ್ಬದ ಅಡುಗೆ, ನೆಂಟರು, ಸಿಂಕಿನ ತುಂಬ ಮುಸುರೆ ಪಾತ್ರೆಗಳು ಸೇರುವ ತಿಂಗಳಲ್ಲೇ ನೀರು ಅತ್ಯಂತ ಗಡುಸಾಗಿರುತ್ತದೆ. ಉತ್ತರದವರು ಧನತೇರಸ್ ದಿನ ಹೊಸ ಸ್ಟೀಲ್ ಪಾತ್ರೆ ಕೊಂಡು ಮನೆಗೆ ತರುವುದೂ ಈ ಅವಧಿಯ ಕೊನೆಯಲ್ಲಿ. ಅದೇ ತ್ರಯೋದಶಿಯ ಸಂಜೆ ಕನ್ನಡದ ಮನೆಗಳಲ್ಲಿ ನೀರು ತುಂಬುವ ಹಬ್ಬ. ಬಚ್ಚಲ ಹಂಡೆಯನ್ನು ಹುಣಸೆಹಣ್ಣಿನಿಂದ ಫಳಫಳ ಬೆಳಗಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಎಳೆದು, ಕೊರಳಿಗೆ ಬಳ್ಳಿ ಸುತ್ತಿ ನೀರು ತುಂಬುತ್ತಾರೆ. ಇಂದಿರಾಪುರಂನ ಫ್ಲಾಟಿನಲ್ಲಿ ಹಂಡೆಯಿಲ್ಲ, ಗೀಸರ್ ಇದೆ. ಪೂಜೆಗೆ ಒಂದು ಸ್ಟೀಲ್ ಕೊಡವೋ ಬಕೆಟ್ಟೋ ಆಗಬೇಕು. ಬೇರೆ ಬೇರೆ ನಾಡಿನ ಎರಡು ಆಚರಣೆಗಳು ಒಂದೇ ದಿನ ಪಾತ್ರೆಯ ಹೊಳಪಿಗೆ ಬಂದು ನಿಲ್ಲುವುದು ಗಮನಿಸಬೇಕಾದ ಸಂಗತಿ.

ಗಡುಸು ನೀರಿಗೆ ಮನೆಯಲ್ಲೇ ಮಾಡಬಹುದಾದ ಉಪಾಯ ಸರಳ. ತೊಳೆದ ಪಾತ್ರೆಯ ನೀರು ಬಸಿಯುವವರೆಗೆ ಬುಟ್ಟಿಯಲ್ಲಿಟ್ಟು, ಹನಿ ಒಣಗುವ ಮೊದಲೇ ಒಣಬಟ್ಟೆಯಿಂದ ಒರೆಸಿಬಿಡಬೇಕು. ಹನಿ ಒಣಗದಿದ್ದರೆ ಉಂಗುರವಿಲ್ಲ. ಈಗಾಗಲೇ ಕೂತ ಬಿಳಿಗೆ ನಿಂಬೆಹೋಳು, ನೀರು ಬೆರೆಸಿದ ವಿನಿಗರ್ ಅಥವಾ ದಿನಸಿ ಅಂಗಡಿಯಲ್ಲಿ ಸಿಗುವ ಸಿಟ್ರಿಕ್ ಆಮ್ಲದ ಪುಡಿಯನ್ನು ಬಿಸಿನೀರಿಗೆ ಹಾಕಿ ಕಾಲು ಗಂಟೆ ಬಿಟ್ಟರೆ ಸಣ್ಣ ಗುಳ್ಳೆಗಳೆದ್ದು ಕರಗುತ್ತದೆ. ಆಮೇಲೆ ಚೆನ್ನಾಗಿ ತೊಳೆದು ಒರೆಸಬೇಕು. ಹುಳಿಯನ್ನು ರಾತ್ರಿಯಿಡೀ ಬಿಡುವುದು ಬೇಡ.

ಇಲ್ಲಿನ ಮನೆಗಳ ಇನ್ನೊಂದು ರೂಢಿಯ ಬಗ್ಗೆ ಎಚ್ಚರ ಅಗತ್ಯ. ಹೆಚ್ಚುಕಡಿಮೆ ಎಲ್ಲ ಅಡುಗೆಮನೆಗಳಲ್ಲೂ ಆರ್‌ಓ ಯಂತ್ರವಿದೆ. ಅದು ಹೊರಹಾಕುವ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಪಾತ್ರೆ ತೊಳೆಯಲು ಬಳಸುವವರು ಬಹಳ. ನೀರನ್ನು ಪೋಲು ಮಾಡಬಾರದೆಂಬ ಅವರ ಕಾಳಜಿ ದೊಡ್ಡದು. ಆದರೆ ನಲ್ಲಿಯ ನೀರಿನಲ್ಲಿದ್ದ ಲವಣಗಳೆಲ್ಲ ಆ ಬಕೆಟ್ಟಿನಲ್ಲಿ ಇನ್ನೂ ಸಾಂದ್ರವಾಗಿ ಸೇರಿರುತ್ತವೆ. ಮುಸುರೆ ನೆನೆಹಾಕಲು, ನೆಲ ಒರೆಸಲು ಅದು ಸಾಕು. ಕೊನೆಯ ತೊಳೆತಕ್ಕೆ ಮಾತ್ರ ನಲ್ಲಿಯ ನೀರನ್ನೇ ಬಳಸಬೇಕು.

ಮುಸುರೆ, ತಳ ಹಿಡಿದದ್ದು, ಸೀದದ್ದು

ಸ್ಟೀಲು ಶಾಖವನ್ನು ನಿಧಾನವಾಗಿ ಹರಡುವ ಲೋಹ. ಅಲ್ಯೂಮಿನಿಯಂನ ಶಾಖವಾಹಕತೆ ಅದರ ಹತ್ತು ಪಟ್ಟಿಗೂ ಹೆಚ್ಚು, ತಾಮ್ರದ್ದು ಇಪ್ಪತ್ತು ಪಟ್ಟಿಗೂ ಹೆಚ್ಚು. ತೆಳ್ಳಗಿನ ಸ್ಟೀಲ್ ಡಬರಿಯ ತಳದಲ್ಲಿ ಜ್ವಾಲೆ ತಾಗಿದ ಜಾಗವಷ್ಟೇ ವಿಪರೀತ ಕಾಯುವುದರಿಂದ ತೊವ್ವೆ, ಪಾಯಸ, ಉಪ್ಪಿಟ್ಟು ತಳ ಹಿಡಿಯುತ್ತವೆ. ನಡುವೆ ಅಲ್ಯೂಮಿನಿಯಂ ಪದರವಿಟ್ಟು ತಯಾರಿಸುವ ದಪ್ಪ ತಳದ ಪಾತ್ರೆಗಳೂ ಮೂರು ಪದರದ ಟ್ರೈಪ್ಲೈ ಪಾತ್ರೆಗಳೂ ಬಂದಿರುವುದು ಈ ಕೊರತೆ ನೀಗಲು. ಬಾಣಲೆಯನ್ನು ಮೊದಲು ಹದವಾಗಿ ಕಾಯಿಸಿ, ಚಿಮುಕಿಸಿದ ನೀರಿನ ಹನಿ ಮುತ್ತಿನಂತೆ ಉರುಳಾಡತೊಡಗಿದ ಮೇಲೆ ಉರಿ ತಗ್ಗಿಸಿ ಎಣ್ಣೆ ಹಾಕಿದರೆ ಪಲ್ಯ ಅಂಟುವುದು ಕಡಿಮೆ. ಹಾಲು ಕಾಯಿಸುವ ಮುಂಚೆ ಪಾತ್ರೆಗೆ ತುಸು ನೀರು ಆಡಿಸಿ ಚೆಲ್ಲಿ, ಒದ್ದೆಯಿರುವಾಗಲೇ ಹಾಲು ಸುರಿಯುವ ನಮ್ಮ ಅಜ್ಜಿಯರ ಪದ್ಧತಿಯನ್ನು ಬಿಡುವ ಅಗತ್ಯವಿಲ್ಲ.

ದಿನದ ಮುಸುರೆಗೆ ಬಿಸಿನೀರು, ಪಾತ್ರೆ ತೊಳೆಯುವ ದ್ರವ ಅಥವಾ ಬಾರು, ಮೆತ್ತನೆಯ ಸ್ಪಂಜು ಸಾಕು. ಹಾಲು, ಮೊಟ್ಟೆ, ಹಿಟ್ಟು ಅಂಟಿದ ಪಾತ್ರೆಯನ್ನು ಮೊದಲು ತಣ್ಣೀರಿನಲ್ಲಿ ನೆನೆಹಾಕಬೇಕು; ಕುದಿನೀರು ಸುರಿದರೆ ಅದು ಇನ್ನಷ್ಟು ಬಿಗಿಯುತ್ತದೆ. ತಳ ಸೀದು ಕರಕಲಾಗಿದ್ದರೆ ಕತ್ತಿ, ಚಮಚಗಳಿಂದ ಕೆರೆಯಲು ಹೋಗಬಾರದು. ಕರಕಲು ಮುಳುಗುವಷ್ಟು ನೀರು ಹಾಕಿ, ಒಂದೆರಡು ಚಮಚ ಅಡುಗೆ ಸೋಡ ಬೆರೆಸಿ, ಸಣ್ಣ ಉರಿಯಲ್ಲಿ ಹತ್ತು ಹದಿನೈದು ನಿಮಿಷ ಕುದಿಸಿ ಆರಲು ಬಿಡಬೇಕು. ಕುದಿಯುವಾಗ ಅಡುಗೆ ಸೋಡ ಕ್ರಮೇಣ ಇನ್ನೂ ತೀಕ್ಷ್ಣವಾದ ಸೋಡಿಯಂ ಕಾರ್ಬೊನೇಟಾಗಿ ಬದಲಾಗಿ ಜಿಡ್ಡನ್ನು ಸೋಪಾಗಿಸುತ್ತದೆ, ಸುಟ್ಟ ಹಿಟ್ಟನ್ನು ಸಡಿಲಿಸುತ್ತದೆ. ಆರಿದ ಮೇಲೆ ಮರದ ಸಟ್ಟುಗದಿಂದ ದೂಡಿದರೆ ಕರಕಲು ಹಾಳೆಹಾಳೆಯಾಗಿ ಏಳುತ್ತದೆ. ಬಾಣಲೆಯ ಹೊರಮೈಯಲ್ಲಿ ಎಣ್ಣೆ ಬೆಂದು ಗಟ್ಟಿಯಾದ ಕಂದು ಬಣ್ಣದ ವಾರ್ನಿಷಿನಂಥ ಕಲೆಗೂ ಇದೇ ಸೋಡವನ್ನು ಗೊಜ್ಜಿನ ಹದಕ್ಕೆ ಕಲಸಿ ಹಚ್ಚಿಟ್ಟು ತಿಕ್ಕಬೇಕು. ಒಂದೇ ಸಲಕ್ಕೆ ಹೋಗದು, ತಾಳ್ಮೆ ಬೇಕು.

ಸೋಡ ಮತ್ತು ವಿನಿಗರ್ ಒಟ್ಟಿಗೆ ಸುರಿದು ನೊರೆ ಎಬ್ಬಿಸುವ ಉಪಾಯ ಮೊಬೈಲ್ ವೀಡಿಯೊಗಳಿಂದ ಹರಡಿದೆ. ಒಂದು ಕ್ಷಾರ, ಇನ್ನೊಂದು ಆಮ್ಲ. ಸೇರಿದ ಕೂಡಲೆ ಎರಡೂ ಒಂದನ್ನೊಂದು ತಣಿಸಿ ಶಕ್ತಿ ಕಳೆದುಕೊಳ್ಳುತ್ತವೆ. ಜಿಡ್ಡಿಗೆ, ಕರಕಲಿಗೆ ಸೋಡ. ಸುಣ್ಣಕ್ಕೆ, ಬಣ್ಣದ ಕಲೆಗೆ ಹುಳಿ. ಒಂದರ ಕೆಲಸ ಮುಗಿಸಿ ತೊಳೆದ ಮೇಲೆ ಇನ್ನೊಂದನ್ನು ಬಳಸಬೇಕು.

ಉಜ್ಜುವ ಸಾಧನಗಳಲ್ಲೂ ಆಯ್ಕೆ ಮುಖ್ಯ. ಬೂದಿ, ತೆಂಗಿನ ನಾರು, ಸೀಗೆಪುಡಿ, ಅಂಟುವಾಳ, ಆಮೇಲೆ ಬಂದ ಸಬೀನಾ ಪುಡಿ ಕನ್ನಡ ಮನೆಗಳ ಪರಿಚಿತ ಸಾಮಗ್ರಿ. ಸೌದೆ ಬೂದಿಯಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಇರುವುದರಿಂದ ಜಿಡ್ಡು ಬಿಡಿಸುತ್ತದೆ. ಜರಡಿ ಹಿಡಿಯದ ಬೂದಿಯ ಮರಳು ಗೀರು ಬೀಳಿಸುತ್ತದೆ. ರಂಗೋಲಿ ಪುಡಿ, ಇಟ್ಟಿಗೆ ಪುಡಿ ಹಿತ್ತಾಳೆಯ ಕಾಲಕ್ಕೆ ಸರಿ. ಕನ್ನಡಿ ಹೊಳಪಿನ ಸ್ಟೀಲಿಗೆ ಒಗ್ಗವು. ಉತ್ತರದಲ್ಲಿ ‘ಜೂನಾ’ ಎನ್ನುವ ಲೋಹದ ಎಳೆಗಳ ಜುಂಗಿನಲ್ಲಿ ಸಾದಾ ಕಬ್ಬಿಣದ್ದೂ ಇರುತ್ತದೆ. ಅದರ ತುಣುಕುಗಳು ಪಾತ್ರೆಯ ಮೈಯಲ್ಲಿ ಸಿಕ್ಕಿಕೊಂಡು ಮರುದಿನ ತುಕ್ಕಿನ ಚುಕ್ಕೆಗಳಾಗುತ್ತವೆ. ಹಸಿರು ಪ್ಯಾಡಿನಲ್ಲೂ ಗೀರುವ ಕಣಗಳಿವೆ. ಅದು ತಳದ ಹೊರಮೈಗಿರಲಿ. ಗೆರೆಗೆರೆಯಾದ ಮಂದ ಹೊಳಪಿನ ಪಾತ್ರೆಯನ್ನು ಗೆರೆಗಳ ದಿಕ್ಕಿನಲ್ಲೇ ಉಜ್ಜಬೇಕು.

ಬ್ಲೀಚಿಂಗ್ ದ್ರವವನ್ನೂ ಶೌಚಾಲಯ ತೊಳೆಯುವ ಆಸಿಡ್ಡನ್ನೂ ಸ್ಟೀಲ್ ಪಾತ್ರೆಯ ಹತ್ತಿರ ಸುಳಿಯಗೊಡಬಾರದು. ಎರಡರಲ್ಲೂ ಇರುವ ಕ್ಲೋರೀನಿನ ಅಂಶ ಪೊರೆಯನ್ನು ಹರಿದು ಗುಳಿ ತೋಡುತ್ತದೆ. ಈ ಎರಡನ್ನು ಬೆರೆಸಿದರೆ ವಿಷಾನಿಲವೇ ಹೊರಡುತ್ತದೆ. ಕಿಟಕಿಯಿಲ್ಲದ ಅಡುಗೆಮನೆಯಲ್ಲಿ ಅದು ಜೀವಕ್ಕೆ ಅಪಾಯ.

ಕಲೆ, ತುಕ್ಕು, ಗುಳಿ

ಖಾಲಿ ಪಾತ್ರೆ ಅತಿಯಾಗಿ ಕಾದರೆ ಹೊಂಬಣ್ಣ, ನೀಲಿ, ನೇರಳೆ ಬಳೆಗಳು ಮೂಡುತ್ತವೆ. ಪೊರೆ ದಪ್ಪವಾಗಿ, ಅದರ ಮೇಲ್ಮೈಯಿಂದಲೂ ತಳದಿಂದಲೂ ಮರಳುವ ಬೆಳಕಿನ ಅಲೆಗಳು ಒಂದರ ಮೇಲೊಂದು ಬಿದ್ದಾಗ ಕಾಣುವ ಬಣ್ಣವದು. ಆರೋಗ್ಯಕ್ಕೆ ಏನೂ ಕೆಡುಕಿಲ್ಲ, ಹುಳಿ ಹಚ್ಚಿದರೆ ಹೋಗುತ್ತದೆ.

ಗುಳಿಯ ವಿಷಯ ಹಾಗಲ್ಲ. ಒಮ್ಮೆ ಬಿದ್ದರೆ ಮುಚ್ಚುವುದಿಲ್ಲ. ಅನ್ನಕ್ಕೋ ಸಾರಿಗೋ ಇಟ್ಟ ತಣ್ಣೀರಿಗೆ ಉಪ್ಪು ಹಾಕಿ ಕದಡದೆ ಬಿಟ್ಟರೆ ಹರಳುಗಳು ತಳಕ್ಕೆ ಹೋಗಿ ಕೂರುತ್ತವೆ, ಅಷ್ಟು ಜಾಗದಲ್ಲಿ ಕ್ಲೋರೈಡ್ ದಟ್ಟವಾಗುತ್ತದೆ. ನೀರು ಕುದಿಬಂದ ಮೇಲೆ ಉಪ್ಪು ಹಾಕಿ ಕದಡುವುದು ಅದಕ್ಕೇ ಕ್ಷೇಮ. ಉಪ್ಪನ್ನು, ಹುಣಸೆಹಣ್ಣನ್ನು, ಉಪ್ಪಿನಕಾಯಿಯನ್ನು ಸ್ಟೀಲ್ ಡಬ್ಬಿಯಲ್ಲಿ ಇಡಬಾರದು. ಅವುಗಳಿಗೆ ಪಿಂಗಾಣಿ ಭರಣಿ ಅಥವಾ ಗಾಜಿನ ಜಾಡಿ ಇದೆ. ಉಪ್ಪು ಬೆರೆಸಿದ ಮಜ್ಜಿಗೆ, ಹುಳಿ, ಗೊಜ್ಜುಗಳು ಊಟದ ಹೊತ್ತಿನವರೆಗೆ ಸ್ಟೀಲಿನಲ್ಲಿರಲಿ, ರಾತ್ರಿ ಬೇರೆಯದಕ್ಕೆ ಬಗ್ಗಿಸಿಡಬೇಕು. ಮುಸುರೆ ಪಾತ್ರೆಗಳನ್ನು ಸಿಂಕಿನಲ್ಲಿ ರಾತ್ರಿಯಿಡೀ ಬಿಡುವುದರಿಂದಲೂ ಇದೇ ಹಾನಿ. ಕಬ್ಬಿಣದ ಕಾವಲಿ, ಈಳಿಗೆಗಳು ಒದ್ದೆ ಸ್ಟೀಲಿಗೆ ತಾಗಿಕೊಂಡಿದ್ದರೆ ಅವುಗಳ ತುಕ್ಕು ಇದಕ್ಕೂ ಹತ್ತುತ್ತದೆ. ಹೀಗೆ ಎರವಲು ಬಂದ ತುಕ್ಕು ಸಿಟ್ರಿಕ್ ಆಮ್ಲದಲ್ಲಿ ನೆನೆಸಿ ಉಜ್ಜಿದರೆ ಹೋಗುತ್ತದೆ.

ಪಾತ್ರೆಯಿಂದ ಲೋಹ ಆಹಾರಕ್ಕೆ ಇಳಿಯುತ್ತದೆಯೇ ಎಂಬ ಪ್ರಶ್ನೆಗೆ ಅಮೆರಿಕದ ಒರೆಗಾನ್ ರಾಜ್ಯ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಉತ್ತರ ಹುಡುಕಿದರು. ಟೊಮೆಟೊ ಸಾಸನ್ನು ಸ್ಟೀಲಿನಲ್ಲಿ ಗಂಟೆಗಟ್ಟಲೆ ಬೇಯಿಸಿದಾಗ ನಿಕ್ಕಲ್, ಕ್ರೋಮಿಯಂ ಅಳೆಯುವಷ್ಟು ಇಳಿದವು. ಹೊಸ ಲೋಹದಲ್ಲಿ ಹೆಚ್ಚು, ಆರನೆಯ ಅಡುಗೆಯ ಹೊತ್ತಿಗೆ ಸಾಕಷ್ಟು ಕಡಿಮೆ. ನಿಕ್ಕಲ್ ಅಲರ್ಜಿ ಇರುವವರು ಹುಳಿಯ ಅಡುಗೆಗೆ ಬೇರೆ ಪಾತ್ರೆ ಬಳಸುವುದು ಒಳಿತು. ಉಳಿದವರು ಹೊಸ ಪಾತ್ರೆಯಲ್ಲಿ ಮೊದಲೇ ಸಾರು ಕುದಿಸದೆ ನಾಲ್ಕಾರು ಸಲ ನೀರು, ಹಾಲು ಕಾಯಿಸಿದರೆ ಸಾಕು.

ಹೊಸ ಪಾತ್ರೆಗೆ ಇನ್ನೂ ಎರಡು ಉಪಚಾರಗಳಿವೆ. ಅಂಟಿಸಿದ ಸ್ಟಿಕ್ಕರನ್ನು ಉಗುರಿನಿಂದ ಕೆರೆದರೆ ಅರ್ಧ ಕಿತ್ತು ಅರ್ಧ ಉಳಿಯುತ್ತದೆ. ಒಳಗಿನಿಂದ ಬಿಸಿನೀರು ತುಂಬಿ ಮೈ ಬೆಚ್ಚಗಾದ ಮೇಲೆ ಎಳೆದರೆ ಇಡಿಯಾಗಿ ಬರುತ್ತದೆ, ಉಳಿದ ಅಂಟು ಕೊಬ್ಬರಿ ಎಣ್ಣೆಗೆ ಬಿಡುತ್ತದೆ. ಎಣ್ಣೆ ಹಚ್ಚಿದ ಅರಿವೆಯಿಂದ ಒಳಮೈಯನ್ನು ಒರೆಸಿ ನೋಡಿದರೆ ಅರಿವೆ ಕಪ್ಪಾಗುವುದುಂಟು. ಕಾರ್ಖಾನೆಯ ಪಾಲಿಷ್ ಮಸಿ ಅದು. ಅರಿವೆಗೆ ಕಪ್ಪು ಹತ್ತದಿರುವವರೆಗೆ ಒರೆಸಿ, ಸೋಪು ಬಿಸಿನೀರಿನಲ್ಲಿ ತೊಳೆದ ಮೇಲಷ್ಟೇ ಅಡುಗೆಗೆ ಬಳಸಬೇಕು.

ಕನ್ನಡ ಮನೆಯ ಕೆಲವು ಪಾತ್ರೆಗಳು

ಕಾಫಿ ಫಿಲ್ಟರಿನ ತೂತುಗಳು ಪುಡಿಯ ಎಣ್ಣೆಯಿಂದಲೂ ಗಡುಸು ನೀರಿನ ಸುಣ್ಣದಿಂದಲೂ ಕಟ್ಟಿಕೊಳ್ಳುತ್ತವೆ. ಡಿಕಾಕ್ಷನ್ ಇಳಿಯದಾದಾಗ ಮೇಲಿನ ಬಟ್ಟಲನ್ನು ಇಕ್ಕಳದಲ್ಲಿ ಹಿಡಿದು ಜ್ವಾಲೆಯ ಮೇಲೆ ಕೆಂಪಗೆ ಕಾಯಿಸುವುದು ಹಳೆಯ ಪರಿಹಾರ. ಎಣ್ಣೆ ಸುಟ್ಟುಹೋಗುತ್ತದೆ ನಿಜ, ಆದರೆ ತೆಳು ತಳ ಸೊಟ್ಟಗಾಗುತ್ತದೆ, ಸುಣ್ಣ ಅಲ್ಲೇ ಉಳಿಯುತ್ತದೆ. ಮೊದಲು ಸೋಡ ನೀರಿನಲ್ಲಿ ಕುದಿಸಿ ತೊಳೆದು, ಆಮೇಲೆ ಸಿಟ್ರಿಕ್ ಆಮ್ಲದ ನೀರಿನಲ್ಲಿ ಅದ್ದಿಟ್ಟರೆ ಬೆಳಕಿಗೆ ಹಿಡಿದಾಗ ಒಂದೊಂದು ತೂತೂ ಕಾಣುತ್ತದೆ.

ಇಡ್ಲಿ ಪಾತ್ರೆಯ ತಳದಲ್ಲೂ ಕುಕ್ಕರಿನೊಳಗೂ ನೀರು ಬತ್ತಿದ ಮಟ್ಟಕ್ಕೆ ಬಿಳಿ ಗೆರೆ ಬೀಳುತ್ತದೆ. ನೀರಿಗೆ ಹಿಂಡಿದ ನಿಂಬೆಸಿಪ್ಪೆಯನ್ನೋ ಸಾರಿಗೆ ಕಿವುಚಿ ಉಳಿದ ಹುಣಸೆಯ ಚರಟವನ್ನೋ ಹಾಕುವ ರೂಢಿ ಇದಕ್ಕೆ ತಕ್ಕ ಮದ್ದು. ಹುಣಸೆಯ ಟಾರ್ಟಾರಿಕ್ ಆಮ್ಲ ಸುಣ್ಣವನ್ನು ಲೋಹಕ್ಕೆ ಗಟ್ಟಿಯಾಗಿ ಅಂಟಗೊಡದು. ಕುಕ್ಕರಿನ ಮುಚ್ಚಳದಲ್ಲಿ ಸೀಟಿ ಕೂರುವ ನಳಿಗೆಯನ್ನು ಪ್ರತಿ ಸಲ ಬೆಳಕಿಗೆ ಹಿಡಿದು ನೋಡಬೇಕು. ಸುಣ್ಣ ಕಟ್ಟಿದ ನಳಿಗೆ ಕುಕ್ಕರ್ ಸಿಡಿಯಲು ದಾರಿ. ಬಿಸಿ ಕುಕ್ಕರನ್ನೂ ಬಾಣಲೆಯನ್ನೂ ತಣ್ಣನೆ ನಲ್ಲಿಯ ಕೆಳಗೆ ಹಿಡಿದರೆ ತಳ ಡೊಂಕಾಗುತ್ತದೆ, ಪದರದ ತಳವಾದರೆ ಕಾಲಕ್ರಮೇಣ ಬಿಟ್ಟುಕೊಳ್ಳುತ್ತದೆ.

ಒಂದರೊಳಗೊಂದು ಸಿಕ್ಕಿಕೊಂಡ ಲೋಟಗಳನ್ನು ಕುಟ್ಟದೆ, ಒಳಗಿನದಕ್ಕೆ ಐಸ್ ನೀರು ತುಂಬಿ ಹೊರಗಿನದನ್ನು ಬಿಸಿನೀರಿನಲ್ಲಿಟ್ಟು ತಿರುಗಿಸಬೇಕು. ಹೆಸರು ಕೆತ್ತಿಸಿದ ಪಾತ್ರೆಯ ಅಕ್ಷರಗಳು ಸಣ್ಣ ಚುಕ್ಕೆಗಳ ಸಾಲು. ಊರು, ಇಸವಿ, ಕೊಟ್ಟವರ ಹೆಸರು ಎಲ್ಲ ಅದರಲ್ಲಿದ್ದು, ಆ ಚುಕ್ಕೆಗಳಲ್ಲಿ ಜಿಡ್ಡು ಕೂತು ಅಕ್ಷರ ಕರಿದಾಗುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ಷಿಗೆ ಸೋಡ ಹಚ್ಚಿ ಅಡ್ಡಡ್ಡ ಆಡಿಸಿದರೆ ಓದಲು ಬರುತ್ತದೆ.

ತಿಕ್ಕುವ ಕೈ

ಇಂದಿರಾಪುರಂನ ಬಹುಪಾಲು ಫ್ಲಾಟುಗಳಲ್ಲಿ ಪಾತ್ರೆ ತೊಳೆಯುವವರು ಮನೆಗೆಲಸಕ್ಕೆ ಬರುವ ಹೆಂಗಸರು. ಪಾತ್ರೆ, ಕಸ, ನೆಲ ಮೂರನ್ನೂ ಸೇರಿಸಿ ಒಂದು ಕೆಲಸವೆಂದು ಗೊತ್ತುಮಾಡುತ್ತಾರೆ. ಮಕನ್‌ಪುರ, ಕನಾವನಿಗಳಂಥ ಹಳೆಯ ಊರುಗಳ ಬಾಡಿಗೆ ಕೋಣೆಗಳಿಂದ ನಸುಕಿಗೇ ಹೊರಟು ಒಬ್ಬೊಬ್ಬರು ಹಲವು ಮನೆಗಳ ಸಿಂಕಿನ ಮುಂದೆ ನಿಲ್ಲುತ್ತಾರೆ. ಅವರಿಗೆ ಒಂದೊಂದು ಮನೆಯಲ್ಲಿ ಸಿಗುವ ಹೊತ್ತು ಕಡಿಮೆ. ಜುಂಗಿನಲ್ಲಿ ಬಿರುಸಾಗಿ ಉಜ್ಜುವುದು ಅದರಿಂದಲೇ. ಪಾತ್ರೆಗೆ ಗೀರು ಬಿತ್ತೆಂದು ಗೊಣಗುವ ಮನೆಯವರು ಮೊದಲು ತಾವು ಮಾಡಬೇಕಾದ್ದನ್ನು ಮಾಡಬೇಕು: ಊಟವಾದ ಕೂಡಲೆ ಅನ್ನದ ಅಗುಳು ತೆಗೆದು 
ನೆನೆಹಾಕುವುದು, ಸೀದದ್ದನ್ನು ರಾತ್ರಿಯೇ ಸೋಡದಲ್ಲಿ ಕುದಿಸಿಡುವುದು.

ಚಳಿಗಾಲದಲ್ಲಿ ಇದು ಇನ್ನೂ ಮುಖ್ಯ. ಜನವರಿಯ ಬೆಳಗಿನಲ್ಲಿ ಇಲ್ಲಿನ ತಾಪಮಾನ 5 ಡಿಗ್ರಿಗೂ ಕೆಳಗಿಳಿಯುವುದುಂಟು. ತೊಟ್ಟಿಯ ನೀರು ಕೈ ಕೊರೆಯುತ್ತದೆ, ತುಪ್ಪ ಮತ್ತು ವನಸ್ಪತಿ ಪಾತ್ರೆಗೆ ಮೇಣದಂತೆ ಮೆತ್ತಿಕೊಳ್ಳುತ್ತವೆ. ತಣ್ಣೀರಿನಲ್ಲಿ ಅದು ಬಿಡುವುದಿಲ್ಲ, ಎಷ್ಟು ಡಿಟರ್ಜೆಂಟ್ ಸುರಿದರೂ ಕೈಯ ಚರ್ಮವೇ ಒಡೆಯುತ್ತದೆ. ಅಡುಗೆಮನೆಯ ನಲ್ಲಿಗೆ ಗೀಸರ್ ನೀರು ಕೊಡುವುದು, ರಬ್ಬರ್ ಕೈಗವುಸು ತಂದಿಡುವುದು ಪಾತ್ರೆಯ ಪಾಲನೆಯಲ್ಲೇ ಸೇರಬೇಕಾದ ಸಂಗತಿಗಳು. ಇವಿಲ್ಲದ ಮನೆಯಲ್ಲಿ ಫಳಫಳ ಹೊಳೆಯುವ ತಟ್ಟೆಗೆ ಬೆಲೆ ತೆತ್ತವರು ಬೇರೆಯವರು ಎಂದೇ ಅರ್ಥ.

2020ರ ಲಾಕ್‌ಡೌನ್‌ನಲ್ಲಿ ಕೆಲಸದವರು ಬರಲಾಗದೆ ನಗರದ ಮನೆಗಳು ಡಿಶ್‌ವಾಷರ್ ಕಡೆ ತಿರುಗಿದವು. ಯಂತ್ರದೊಳಗಿನ ನೀರು ಮೆದುಗೊಳಿಸುವ ಭಾಗಕ್ಕೆ ಆಗಾಗ ಉಪ್ಪು ತುಂಬಬೇಕಾಗುತ್ತದೆ. ಊರಿನ ನೀರಿನ ಗಡಸುತನಕ್ಕೆ ತಕ್ಕಂತೆ ಯಂತ್ರವನ್ನು ಹೊಂದಿಸದಿದ್ದರೆ ಪಾತ್ರೆಗಳು ಬಿಳಿಚಿಕೊಂಡೇ ಹೊರಬರುತ್ತವೆ. ಗಂಗಾಜಲ ನಿಂತ ತಿಂಗಳಲ್ಲಿ ಆ ಹೊಂದಿಕೆಯನ್ನು ಏರಿಸಬೇಕು. ತುಂಬುವಾಗ ಚೆಲ್ಲಿದ ಉಪ್ಪನ್ನು ತಕ್ಷಣ ತೊಳೆದುಬಿಡದಿದ್ದರೆ ಗುಳಿ ಖಂಡಿತ.

ಕೊಳ್ಳುವುದು, ಕೊಡುವುದು

ಕೇಂದ್ರ ಸರ್ಕಾರ 2024ರ ಮಾರ್ಚ್ 14ರಂದು ಹೊರಡಿಸಿದ ಗುಣಮಟ್ಟ ನಿಯಂತ್ರಣ ಆದೇಶ ಸ್ಟೀಲ್ ಮತ್ತು ಅಲ್ಯೂಮಿನಿಯಂ ಪಾತ್ರೆಗಳಿಗೆ ಐಎಸ್‌ಐ ಗುರುತನ್ನು ಕಡ್ಡಾಯಗೊಳಿಸಿತು. ಸ್ಟೀಲ್ ಪಾತ್ರೆಗಳಿಗೆ ಅನ್ವಯಿಸುವ ಮಾನಕದ ಸಂಖ್ಯೆ 14756. ಕೊಳ್ಳುವಾಗ ಈ ಗುರುತು, ದರ್ಜೆಯ ಸಂಖ್ಯೆ, ಕೈಹಿಡಿ ಕೂಡಿಸಿದ ಸಂದು, ಮಡಿಸಿದ ಅಂಚು ನಾಲ್ಕನ್ನೂ ನೋಡಬೇಕು. ಅಂಚಿನ ಮಡಿಕೆಯೊಳಗೆ ನೀರು ನಿಲ್ಲುವಂತಿದ್ದರೆ ತುಕ್ಕು ಅಲ್ಲಿಂದಲೇ ಶುರು.

ಗುಳಿ ಬಿದ್ದು ಸೋರುವ ಪಾತ್ರೆ, ತಳ ಉಬ್ಬಿದ ಕುಕ್ಕರ್, ಪದರ ಬಿಟ್ಟ ಬಾಣಲೆಗಳನ್ನು ಒಲೆಯಿಂದ ಇಳಿಸಿಬಿಡಬೇಕು. ಸ್ಟೀಲನ್ನು ಎಷ್ಟು ಸಲವಾದರೂ ಕರಗಿಸಿ ಮತ್ತೆ ಬಳಸಬಹುದಾದ್ದರಿಂದ ಅದಕ್ಕೆ ಗುಜರಿಯಲ್ಲೂ ಬೆಲೆಯಿದೆ. ಇಂದಿರಾಪುರಂನ ಗಲ್ಲಿಗಳಲ್ಲಿ ಸೈಕಲ್ ಗಾಡಿ ತಳ್ಳಿಕೊಂಡು ಬರುವ ಕಬಾಡಿವಾಲ ತಕ್ಕಡಿಗೆ ಹಾಕುವ ಮುನ್ನ ಅಯಸ್ಕಾಂತ ಮುಟ್ಟಿಸಿ ನೋಡುತ್ತಾನೆ. ಅಂಟಿದ್ದನ್ನು ಒಂದು ಕಡೆ, ಅಂಟದ್ದನ್ನು ಇನ್ನೊಂದು ಕಡೆ ಇಟ್ಟು ಬೇರೆ ಬೇರೆ ದರ ಹೇಳುತ್ತಾನೆ. ಅಂಟದ ಸ್ಟೀಲಿನಲ್ಲಿ ನಿಕ್ಕಲ್ ಇರಬಹುದೆಂಬುದು ಅವನ ಲೆಕ್ಕ, ಆ ರಾಶಿಗೆ ಕಿಲೋ ಬೆಲೆ ಹೆಚ್ಚು.